ಹೆದ್ದಾರಿ ಬದಿಯ ತಂಗುದಾಣಗಳನ್ನೂ ಗಮನಿಸಿ

ಮಾನ್ಯ ಸಂಪಾದಕರೇ,

ಅಮೆರಿಕದ ಹೆದ್ದಾರಿಗಳ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವು ಸೇತುವೆಗಳನ್ನು ವಿವರವಾಗಿ ಬಣ್ಣಿಸಿದರೂ ರಸ್ತೆಬದಿಯ ತಂಗುದಾಣಗಳ ಬಗ್ಗೆ ಒಂದು ಮಾತನ್ನೂ ಹೇಳಿಲ್ಲ. ಎರಡನೇ ಮಹಾಯುದ್ಧದ ನಂತರ ಕಾರುಗಳು ಹೆಚ್ಚಿ, 1956ರ ಕಾಯ್ದೆಯಿಂದ ಅಂತರರಾಜ್ಯ ಹೆದ್ದಾರಿಗಳ ಜಾಲ ಹರಡತೊಡಗಿದಾಗ, ಊರುಗಳನ್ನು ತಪ್ಪಿಸಿ ಸಾಗುವ ಈ ರಸ್ತೆಗಳಲ್ಲಿ ಪ್ರಯಾಣಿಕನಿಗೆ ತಾನು ಯಾವ ಸೀಮೆಯಲ್ಲಿದ್ದೇನೆಂಬುದೇ ತಿಳಿಯದಂತಾಯಿತು. ಹೆದ್ದಾರಿಯ ಜಾಗದಲ್ಲಿ ಪೆಟ್ರೋಲ್ ಬಂಕ್, ಹೋಟೆಲುಗಳಿಗೆ ಕಾನೂನು ಸಾಮಾನ್ಯವಾಗಿ ಅವಕಾಶ ಕೊಡದ ಕಾರಣ, ಶೌಚಾಲಯ, ಕುಡಿಯುವ ನೀರು, ಊಟದ ಮೇಜುಗಳಷ್ಟೇ ಇದ್ದ ಈ ತಾಣಗಳೇ ತಮ್ಮ ರೂಪದಿಂದ ಆ ಸೀಮೆಯ ಗುರುತಾಗಬೇಕಾಯಿತು.

ಮಗನ ಮನೆಗೆ ಹೋಗಿದ್ದಾಗ ದಕ್ಷಿಣ ಡಕೋಟಾದಲ್ಲಿ ಅಂಥದ್ದೊಂದನ್ನು ಕಂಡೆ. 56 ಅಡಿಯ ಎಂಟು ಕಾಂಕ್ರೀಟ್ ಕಂಬಗಳು ಬುಡದಲ್ಲಿ ದೂರ ದೂರ ನಿಂತು, ತುದಿಯಲ್ಲಿ ಒಂದನ್ನೊಂದು ಹಾದು, ಮೂಲನಿವಾಸಿಗಳ ‘ಟೀಪಿ’ ಗುಡಾರದ ಹಂದರದಂತೆ ಕಾಣುತ್ತಿದ್ದವು. ಹೊದಿಕೆಯಿಲ್ಲದ ಅದು ಮಳೆಗೂ ಆಗದು, ಬಿಸಿಲಿಗೂ ಆಗದು. ಆದರೆ ಬಟಾಬಯಲಿನಲ್ಲಿ ದೂರದಿಂದಲೇ ಕಣ್ಣಿಗೆ ಬಿದ್ದು ಕಾರು ನಿಲ್ಲಿಸುವಂತೆ ಮಾಡುತ್ತದೆ. ನಾವು ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದು ಮುಗಿಸುವಷ್ಟರಲ್ಲಿ ಕಂಬದ ತೆಳ್ಳನೆಯ ನೆರಳು ಮೇಜನ್ನು ದಾಟಿ ಹುಲ್ಲಿನ ಮೇಲೆ ಸರಿದಿತ್ತು. (ಒಕ್ಕಲೆಬ್ಬಿಸಿದ ಜನರ ಮನೆಯನ್ನೇ ಅಲಂಕಾರವಾಗಿಸಿದ್ದು ನನಗೆ ಇರುಸುಮುರುಸಾಯಿತೆಂಬುದೂ ನಿಜ.)

ಇಂಥ ತಾಣಗಳನ್ನು ಹಲವು ರಾಜ್ಯಗಳು ಖರ್ಚಿನ ಕಾರಣಕ್ಕೆ ಮುಚ್ಚಿವೆ. 2009ರಲ್ಲಿ ಅರಿಜೋನಾ 13 ತಾಣಗಳಿಗೆ ಬೀಗ ಹಾಕಿತ್ತು. ಉಳಿದವುಗಳ ಚಿತ್ರಗಳೊಂದಿಗೆ ಇನ್ನೊಂದು ಲೇಖನವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗ, ಮೈಸೂರು