ಈ ಪುತ್ತರಿಗೆ ನಾನೂ ಗದ್ದೆಗೆ ಇಳಿದೆ

25 ವರ್ಷ ಆದ ಮೇಲೆ ಈ ಸಲದ ಪುತ್ತರಿಗೆ, ಅಂದರೆ ಕೊಡಗಿನ ನಮ್ಮ ಸುಗ್ಗಿ ಹಬ್ಬಕ್ಕೆ, ನಾನು ಗದ್ದೆಗೆ ಇಳಿದೆ. ಕೊಡಗಿನವರಿಗೆ ಇದು ಬೇಗ ಅರ್ಥವಾಗುತ್ತದೆ, ಬೇರೆಯವರಿಗೆ ಹೇಳಬೇಕು. ಬೆಳದಿಂಗಳಲ್ಲಿ ಮನೆಮಂದಿಯೆಲ್ಲ ದೀಪ ಹಿಡಿದು ಐನ್‌ಮನೆಯಿಂದ (ಕುಟುಂಬದ ಹಿರಿಯರ ಮೂಲಮನೆಯಿಂದ) ಗದ್ದೆಗೆ ಹೋಗುತ್ತೇವೆ. ಮುಹೂರ್ತಕ್ಕೆ ಕೋವಿಯಿಂದ ಗುಂಡು ಹಾರಿಸುತ್ತಾರೆ. ಕದಿರು ಕೊಯ್ಯುತ್ತಾರೆ. ಎಲ್ಲರೂ ‘ಪೊಲಿ ಪೊಲಿ ದೇವಾ’ (ಹೆಚ್ಚಲಿ ದೇವರೇ) ಎಂದು ಕೂಗುತ್ತಾರೆ. ಆ ಒಂದು ಗುಂಡಿನ ಸದ್ದಿಗೆ ಹೆದರಿ ನಾನು ಇಷ್ಟು ವರ್ಷ ಒಳಕೋಣೆಯ ಬಾಗಿಲು ಹಾಕಿಕೊಂಡು ಕೂತಿರುತ್ತಿದ್ದೆ.

‘ಹೆದರಿ’ ಅಂತ ಬರೆಯೋಕೇ ಇಷ್ಟು ಕಾಲ ಬೇಕಾಯಿತು. ನಾನು ಫಿರಂಗಿ ದಳದಲ್ಲಿದ್ದವನು. ಕಾರ್ಗಿಲ್ ಯುದ್ಧ ನಡೆದ 1999ರ ಜೂನ್‌ನಲ್ಲಿ ದ್ರಾಸ್‌ನಲ್ಲಿ ಬೊಫೋರ್ಸ್ ತೋಪಿನ ಜೊತೆ ಇದ್ದೆ. ಜೂನ್ 13ಕ್ಕೆ ತೋಲೋಲಿಂಗ್ ಬೆಟ್ಟ, ಜುಲೈ 4ಕ್ಕೆ ಟೈಗರ್ ಹಿಲ್ ನಮ್ಮ ಕೈಗೆ ಬಂತು. ಬೆಟ್ಟ ಹತ್ತಿದವರು ಕಾಲ್ದಳದವರು. ಅವರಿಗೆ ದಾರಿಯಾಗಲಿ ಅಂತ ನಾವು ಕೆಳಗಿನಿಂದ ಹಗಲು ರಾತ್ರಿ ಶೆಲ್ ಹೊಡೆಯುತ್ತಿದ್ದೆವು. ಅಲ್ಲಿಂದಲೂ ಬರುತ್ತಿತ್ತು. ಹಾಗೆ ಬಂದ ಒಂದು ಶೆಲ್ಲಿಗೆ ನನ್ನ ಪಕ್ಕದಲ್ಲಿದ್ದವನು ಅಲ್ಲೇ ಹೋದ. ಐದು ನಿಮಿಷದ ಹಿಂದೆ ನನಗೆ ಚಹಾ ಕೊಟ್ಟಿದ್ದ. ಆ ಯುದ್ಧದಲ್ಲಿ ನಾವು 527 ಜನರನ್ನು ಕಳೆದುಕೊಂಡೆವು. ನನ್ನ ಲೆಕ್ಕ ಮಾತ್ರ ಒಂದರಲ್ಲೇ ನಿಂತಿದೆ.

ಆಗ ಬರುತ್ತಿದ್ದ ಕಾಗದಗಳಿಗೆ ಮೊದಲ ಧನ್ಯವಾದ. ‘56 ಎಪಿಓ’ ಅಂತ ಸೇನೆಯ ಅಂಚೆ ವಿಳಾಸ ಬರೆದು ಶಾಲೆಯ ಮಕ್ಕಳು ಕಾರ್ಡ್ ಕಳಿಸುತ್ತಿದ್ದರು. ಒಂದು ಕನ್ನಡದಲ್ಲಿತ್ತು. ‘ಅಂಕಲ್, ಅಲ್ಲಿ ಚಳಿ ಜಾಸ್ತಿನಾ? ಊಟ ಮಾಡಿದ್ರಾ?’ ಅಷ್ಟೇ. ಬರೆದ ಹುಡುಗಿಗೆ ಈಗ ಮಕ್ಕಳಿರಬಹುದು. ತಾಯಿ, ನಿನ್ನ ಕಾರ್ಡ್ ಇನ್ನೂ ನನ್ನ ಟ್ರಂಕಿನಲ್ಲಿದೆ. ನಮ್ಮವರಿಗಾಗಿ ಸಾಮಾನು ಹೊತ್ತು ಬೆಟ್ಟ ಹತ್ತಿದ ಲಡಾಖಿನ ಹಳ್ಳಿಯವರಿಗೂ ನಮಸ್ಕಾರ.

ಊರಿಗೆ ಬಂದಾಗ ಹಾರ ಹಾಕಿದರು. ಪ್ರೀತಿಯಿಂದಲೇ ಹಾಕಿದರು, ಅದಕ್ಕೂ ಋಣಿ. ಆದರೆ ಎಲ್ಲರಿಗೂ ಗೆದ್ದ ಕಥೆ ಬೇಕಿತ್ತು. ನಿದ್ದೆ ಬಾರದ ಕಥೆ ಯಾರಿಗೆ ಹೇಳಲಿ? ರಮ್ ಜಾಸ್ತಿಯಾಯಿತು. ಒಬ್ಬ ವೈದ್ಯರು ‘ಫೌಜಿಯಾಗಿ ಇಷ್ಟಕ್ಕೆಲ್ಲ ಹೆದರ್ತೀರಾ’ ಎಂದರು. ಆಮೇಲೆ ಎಷ್ಟೋ ವರ್ಷ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಆ ವರ್ಷಗಳನ್ನೆಲ್ಲ ಹೊತ್ತವಳು ನನ್ನ ಹೆಂಡತಿ. ಮಲಗಿದ್ದಾಗ ನನ್ನನ್ನು ಮುಟ್ಟಿ ಎಬ್ಬಿಸಬಾರದು ಅಂತ ಒಮ್ಮೆ ಪೆಟ್ಟು ತಿಂದು ಕಲಿತಳು. ಆಮೇಲೆ ಬಾಗಿಲಲ್ಲೇ ನಿಂತು ಮೆಲ್ಲಗೆ, ‘ಮನೇಲಿದ್ದೀರಿ, ನಾನಿದ್ದೀನಿ’ ಅನ್ನುತ್ತಿದ್ದಳು. ಅವಳ ಮುಖ ನೋಡಿ ನಾನು ಸರಿಯಾಗಿ ಕ್ಷಮೆ ಕೇಳಿದ್ದು ಕಳೆದ ವರ್ಷ. ತಡವಾಯಿತು ಅಲ್ವಾ? ಅದಕ್ಕೇ ಎಲ್ಲರ ಮುಂದೆ ಇನ್ನೊಮ್ಮೆ ಕೇಳುತ್ತಿದ್ದೇನೆ.

ಎರಡು ವರ್ಷದ ಹಿಂದೆ ತಮ್ಮನ ಮಗಳು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು. ‘ದೊಡ್ಡಪ್ಪ, ಸುಮ್ನೆ ಮಾತಾಡಿ’ ಅಂದಳು. ಆ ಕಡೆಯವರು ಕನ್ನಡದಲ್ಲೇ ಮಾತಾಡಿದರು. ನಾನು ಸುಮ್ಮನಿದ್ದಷ್ಟು ಹೊತ್ತೂ ಕಾದರು. ಅವರು ಹೇಳಿದ ಮೇಲೆ ಡಾಕ್ಟರ ಹತ್ತಿರ ಹೋದೆ. ಇದಕ್ಕೆ ಪಿಟಿಎಸ್‌ಡಿ (ಆಘಾತದ ನಂತರ ಮನಸ್ಸಿನಲ್ಲಿ ಉಳಿಯುವ ಕಾಯಿಲೆ) ಅನ್ನುತ್ತಾರೆ, ಮೊದಲ ಮಹಾಯುದ್ಧದ ಕಾಲದಲ್ಲಿ ‘ಶೆಲ್ ಶಾಕ್’ ಅನ್ನುತ್ತಿದ್ದರು ಎಂದರು. ಶೆಲ್ ಹೊಡೆದ ಕೈ ನನ್ನದು. ಅಲ್ಲೇ ಅತ್ತುಬಿಟ್ಟೆ. ಮಾತ್ರೆ ಕೊಟ್ಟರು. ಚಹಾ ಕೊಟ್ಟವನ ಕಥೆಯನ್ನು ಮತ್ತೆ ಮತ್ತೆ ಹೇಳಿಸಿದರು. ಆಮೇಲೆ ಗುಂಡಿನ ಸದ್ದನ್ನು ಮೊಬೈಲಿನಲ್ಲಿ ಕೇಳಿಸಿದರು. ಮೊದಲು ಕೇಳಿಯೂ ಕೇಳದಷ್ಟು, ವಾರ ಕಳೆದಂತೆ ಸ್ವಲ್ಪ ಸ್ವಲ್ಪ ಜಾಸ್ತಿ. ರಾತ್ರಿ ಈಗಲೂ ಎಚ್ಚರವಾಗುತ್ತದೆ. ಆದರೆ ರಮ್ ಬಾಟಲಿ ಹುಡುಕುವುದಿಲ್ಲ.

ಈ ಸಲ ಕೋವಿ ಹಿಡಿದಿದ್ದವನು ನನ್ನ ತಮ್ಮ. ಮುಹೂರ್ತ ಬಂತು. ಅವನು ನನ್ನ ಕಡೆ ತಿರುಗಿ, ‘ಅಣ್ಣ, ಹೊಡೀಲಾ?’ ಅಂದ. ನನಗೆ ಮಾತು ಬರಲಿಲ್ಲ. ಮುಹೂರ್ತ ಮೀರುತ್ತಿದ್ದರೂ ಹಿರಿಯರು ಸೇರಿ ಯಾರೂ ಮಾತಾಡಲಿಲ್ಲ. ಕೊನೆಗೆ ಹೂಂ ಅಂದೆ. ಹೊಡೆದ. ಮೈಯೆಲ್ಲ ನಡುಗಿತು. ಹೆಂಡತಿಯ ಕೈ ಹಿಡಿದುಕೊಂಡು ನಾನೂ ‘ಪೊಲಿ ಪೊಲಿ ದೇವಾ’ ಅಂದೆ.

ಅಷ್ಟು ಹೊತ್ತು ಕಾದ ಮನೆಮಂದಿಗೆಲ್ಲ ಕೈ ಮುಗಿಯುತ್ತೇನೆ.