ಸೇತುವೆ ಕೆಳಗಿನ ಊರಿನಿಂದ

ಪ್ರೀತಿಯ ಶಿವು,

ಫ್ರಾನ್ಸ್ ನೋಡಿ ಬಂದವರೆಲ್ಲ ಪ್ಯಾರಿಸ್ ಕತೆ ಹೇಳಿ ನಿನ್ನ ತಲೆ ತಿಂದಿರ್ತಾರೆ. ಅದು ನನಗೆ ಬೇಡ. ಕ್ಲೆರ್ಮೊಂ-ಫೆರ್ರಾಂನಿಂದ ಮೋಂಪೆಲಿಯೆಗೆ ಕಾರಲ್ಲಿ ಇಳಿದ ಒಂದು ದಿನದ ವಿಷಯ ಮಾತ್ರ ಬರೀತೀನಿ. ಇದನ್ನ ನಿನಗೇ ಯಾಕೆ ಬರೀಬೇಕು ಅನ್ನೋದು ಓದ್ತಾ ಓದ್ತಾ ಗೊತ್ತಾಗುತ್ತೆ.

ಕ್ಲೆರ್ಮೊಂ ಅಂದ್ರೆ ಟೈರಿನ ಊರು, ಮಿಶೆಲಿನ್ ಕಂಪನಿ ಹುಟ್ಟಿದ್ದು ಅಲ್ಲೇ. ಸುತ್ತ ಆರಿಹೋದ ಜ್ವಾಲಾಮುಖಿಗಳು. ಊರಿನ ದೊಡ್ಡ ಚರ್ಚನ್ನ ಆ ಲಾವಾ ಕಲ್ಲಲ್ಲೇ ಕಟ್ಟಿದ್ದಾರೆ, ಮಸಿ ಬಳಿದ ಹಾಗೆ ಕರ್ರಗಿದೆ. ಬೆಳಿಗ್ಗೆ ಬೇಗನೆ ಹೊರಟ್ವಿ. ಓಡಿಸಿದ್ದು ಮಗಳು. ಸ್ಟೀರಿಂಗ್ ಎಡಕ್ಕೆ, ಓಡಾಟ ರಸ್ತೆಯ ಬಲಕ್ಕೆ. ಪಕ್ಕದಲ್ಲಿ ಕೂತ ನಾನು ಪ್ರತಿ ರೌಂಡಾನದಲ್ಲೂ ಕಾಲು ಒತ್ತೋದು ನೋಡಿ, "ಅಪ್ಪಾ, ಅಲ್ಲಿ ಬ್ರೇಕ್ ಇಲ್ಲ" ಅಂದ್ಲು.

ನಾವು ಹಿಡಿದಿದ್ದು ಎ75. ಫ್ರಾನ್ಸಿನ ಹೆದ್ದಾರಿಗಳಲ್ಲಿ ಟೋಲ್ ಕಟ್ಟಿ ಕಟ್ಟಿ ಸಾಕಾಗುತ್ತೆ, ಆದ್ರೆ ಈ ರಸ್ತೆ ಒಂದು ಸೇತುವೆ ಬಿಟ್ಟರೆ ಪೂರ್ತಿ ಪುಕ್ಕಟೆ. ಬೆಟ್ಟದ ಮೇಲೆಮೇಲೆ ಹತ್ತಿ ಒಂದು ಕಡೆ 1,100 ಮೀಟರ್ ಎತ್ತರ ದಾಟುತ್ತೆ. ದಾರಿಯಲ್ಲಿ ಗಾರಾಬಿ ಅನ್ನೋ ಕಡೆ ಕಣಿವೆಗೆ ಅಡ್ಡಲಾಗಿ ಕೆಂಪು ಬಣ್ಣದ ಕಬ್ಬಿಣದ ಕಮಾನು, ಅದರ ಮೇಲೆ ರೈಲು ಹಳಿ. ಕಟ್ಟಿದ್ದು ಐಫೆಲ್ ಕಂಪನಿ, ಮುಗಿದಿದ್ದು 1884ರಲ್ಲಿ, ಅಂದ್ರೆ ಪ್ಯಾರಿಸ್ಸಿನ ಗೋಪುರಕ್ಕಿಂತ ಐದು ವರ್ಷ ಮೊದಲು. ನನ್ನ ಕೇಳಿದ್ರೆ ಗೋಪುರಕ್ಕಿಂತ ಇದೇ ಚೆಂದ. ಗೋಪುರದಿಂದ ಯಾರೂ ಎಲ್ಲಿಗೂ ಹೋಗಲ್ಲವಲ್ಲ.

ಓಬ್ರಾಕ್ ಸೀಮೆಯಲ್ಲಿ ಹೆದ್ದಾರಿ ಬಿಟ್ಟು ಊಟಕ್ಕೆ ನಿಂತ್ವಿ. ಮಧ್ಯಾಹ್ನ ಎರಡು ದಾಟಿದ್ರೆ ಸಣ್ಣ ಊರುಗಳಲ್ಲಿ ಒಲೆ ಆರಿಸಿಬಿಡ್ತಾರೆ, ಆಮೇಲೆ ದುಡ್ಡು ಕೊಟ್ಟರೂ ಊಟ ಇಲ್ಲ. ಅಲ್ಲಿಯ ವಿಶೇಷ ಆಲಿಗೋ. ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಬೆಣ್ಣೆ, ಕೆನೆ, ಬೆಳ್ಳುಳ್ಳಿ ಸೇರಿಸಿ, ಇನ್ನೂ ಹಣ್ಣಾಗದ ಹಸಿ ಚೀಸ್ ಹಾಕಿ ತಿರುವೋದು. ತಿರುವೋ ಕೆಲಸವೇ ಅದರ ಜೀವ. ಹೋಟೆಲಿನ ಹೆಂಗಸು ನಮ್ಮ ಮೇಜಿನ ಹತ್ತಿರವೇ ಪಾತ್ರೆ ತಂದು, ನಿಮ್ಮವ್ವ ಮುದ್ದೆ ಕೋಲು ಹಿಡಿದು ತೊಳಸೋ ಹಾಗೆ ಎರಡೂ ಕೈಯಲ್ಲಿ ತೊಳಸಿ, ಸೌಟನ್ನ ತಲೆಯೆತ್ತರಕ್ಕೆ ಎತ್ತಿದಳು. ಎಳೆ ಹರಿಯಲೇ ಇಲ್ಲ. ಕೊನೆಗೆ ಕತ್ತರೀಲಿ ಕತ್ತರಿಸಿ ತಟ್ಟೆಗೆ ಬಿಟ್ಟಳು! ಜೊತೆಗೆ ಸಾಸೇಜ್ ಕೊಡೋದು ರೂಢಿ, ನಮ್ಮವಳಿಗೆ ಸೊಪ್ಪು ಕೊಟ್ಟರು. ತಿಂದ ಮೇಲೆ ಹಿಂದಿನ ಸೀಟಲ್ಲಿ ಅವಳು ಮಲಗಿದ್ದು, ಮಿಯೋ ಬರೋ ತನಕ ಏಳಲಿಲ್ಲ.

ಮಿಯೋ ಸೇತುವೆ ಫೋಟೋ ನೀನೂ ನೋಡಿರ್ತೀಯ. ತಾರ್ನ್ ನದಿಯ ಕಣಿವೆ ಮೇಲೆ 2,460 ಮೀಟರ್ ಉದ್ದ, ಏಳೇ ಕಂಬ. ತುದಿ ಲೆಕ್ಕ ಹಾಕಿದ್ರೆ 343 ಮೀಟರ್, ಐಫೆಲ್ ಗೋಪುರಕ್ಕಿಂತ ಎತ್ತರ. 2004ರ ಡಿಸೆಂಬರ್‌ನಲ್ಲಿ ಶುರುವಾಯ್ತು. ಆದ್ರೆ ಅದರ ಮೇಲೆ ಹೋಗುವವನಿಗೆ ಸೇತುವೆಯೇ ಕಾಣಲ್ಲ ಕಣೋ. ಎರಡೂ ಬದಿ ಗಾಳಿ ತಡೆಯೋ ಪರದೆ, ಕಣ್ಣು ಮಿಟುಕಿಸೋದರೊಳಗೆ ಆಚೆ ದಡ. ಹಾಗಾಗಿ ನಾವು ಮೊದಲೇ ಹೆದ್ದಾರಿ ಇಳಿದು ಊರೊಳಗೆ ಹೋದ್ವಿ. ಸೇತುವೆ ಬರೋ ಮುಂಚೆ ಬೇಸಿಗೆ ರಜೆಯಲ್ಲಿ ಕಡಲಿಗೆ ಹೋಗೋ ಕಾರುಗಳೆಲ್ಲ ಈ ಮಿಯೋದಲ್ಲೇ ಗಂಟೆಗಟ್ಟಲೆ ಸಿಕ್ಕಿಕೊಳ್ತಿದ್ದವಂತೆ. ಈಗ ಎಲ್ಲ ತಲೆ ಮೇಲೇ ಹೋಗುತ್ತೆ. ಕೆಳಗೆ ನಿಂತು ಕತ್ತೆತ್ತಿ ನೋಡಿದ್ರೆ ಲಾರಿಗಳು ಇರುವೆ ಸಾಲು.

ಇನ್ನು ನಿನ್ನ ವಿಷಯಕ್ಕೆ ಬಂದೆ. ಊರ ಮೇಲಿನ ಬಯಲು ಲಾರ್ಝಾಕ್. ಕಲ್ಲು, ಒಣ ಹುಲ್ಲು, ಕುರಿ. ಆ ಕುರಿ ಹಾಲು ಹತ್ತಿರದ ರೋಕ್‌ಫೋರ್ ಗುಹೆಗಳಲ್ಲಿ ನೀಲಿ ಬೂಷ್ಟಿನ ಚೀಸ್ ಆಗುತ್ತೆ. 1971ರಲ್ಲಿ ಸರ್ಕಾರ ಮಿಲಿಟರಿ ಕ್ಯಾಂಪ್ ದೊಡ್ಡದು ಮಾಡೋಕೆ ಈ ಜಮೀನು ಕೇಳಿತು. ರೈತರು ಹತ್ತು ವರ್ಷ ಹೋರಾಡಿದರು. ಐಫೆಲ್ ಗೋಪುರದ ಬುಡಕ್ಕೇ ಕುರಿ ತಂದು ಮೇಯಿಸಿದರು. 1981ರಲ್ಲಿ ಮಿತ್ತೆರಾಂ ಅಧ್ಯಕ್ಷರಾದಾಗ ಯೋಜನೆ ರದ್ದಾಯ್ತು. ಅಲ್ಲಿ ಕುರಿ ಸಾಕಿಕೊಂಡಿದ್ದ ಜೋಸೆ ಬೋವೆಯ ಹೆಸರು ನಿನಗೆ ನೆನಪಿರಬೇಕು. ಅಮೆರಿಕ ರೋಕ್‌ಫೋರ್ ಮೇಲೆ ದುಪ್ಪಟ್ಟು ಬೆಲೆಯಾಗೋ ಹಾಗೆ ತೆರಿಗೆ ಜಡಿದಾಗ, 1999ರ ಆಗಸ್ಟ್‌ನಲ್ಲಿ ಇದೇ ಮಿಯೋದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಅಂಗಡಿಯನ್ನ ಸಂಗಡಿಗರ ಜೊತೆ ಹೋಗಿ ಬಿಚ್ಚಿಹಾಕಿದವರು. ಬೆಂಗಳೂರಿನ ಕೆಂಟಕಿ ಚಿಕನ್ ಅಂಗಡಿಗೆ ನಮ್ಮ ರೈತ ಸಂಘದ ಹಸಿರು ಶಾಲಿನವರು ನುಗ್ಗಿದ್ದು ಅದಕ್ಕಿಂತ ಮೂರು ವರ್ಷ ಮೊದಲು, 1996ರಲ್ಲಿ. ಹಾಸ್ಟೆಲಿನಲ್ಲಿ ನೀನು ಪೇಪರ್ ಹಿಡಿದು ಕುಣಿದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ.

ಲಾರ್ಝಾಕ್ ಮುಗಿದು ಘಾಟಿ ಇಳಿದರೆ ಬಂಡೆಗಳ ಸಂದಿನಿಂದ ಒಮ್ಮೆಗೇ ಬಿಸಿಗಾಳಿ, ದ್ರಾಕ್ಷಿ ತೋಟ. ಸಂಜೆ ಹೊತ್ತಿಗೆ ಮೋಂಪೆಲಿಯೆ. ಊರಿನ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ, ಟ್ರಾಮ್ ಚೆನ್ನಾಗಿದೆ, ಪಾರ್ಕಿಂಗ್ ಪ್ರಾಣ ತಿನ್ನುತ್ತೆ. ಆದ್ರೆ 1999ರ ಜೂನ್‌ನಲ್ಲಿ ಇಲ್ಲಿಯ ಸಂಶೋಧನಾ ಕೇಂದ್ರದ ಗಾಜಿನ ಮನೆಗೆ ನುಗ್ಗಿ ಕುಲಾಂತರಿ ಭತ್ತದ ಪೈರು ಕಿತ್ತರಲ್ಲ, ಬೋವೆ ಮತ್ತು ಅವರ ಕಡೆಯವರು, ಆಗ ಭಾರತದ ರೈತರೂ ಜೊತೆಗಿದ್ದರು. ಪ್ರೊಫೆಸರ್ ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ಯುರೋಪಿಗೆ ಹೊರಟಿದ್ದ ಆ ರೈತ ಯಾತ್ರೆಯವರು.

ನಿಮ್ಮ ಚಿಕ್ಕಪ್ಪನವರು ಆ ಯಾತ್ರೆಯಲ್ಲಿ ಇದ್ದರಲ್ವಾ? ಅವರು ಮೋಂಪೆಲಿಯೆಗೆ ಬಂದಿದ್ದರಾ, ಆ ಗಾಜಿನ ಮನೆಯೊಳಗೆ ಹೋಗಿದ್ದರಾ, ವಿಚಾರಿಸಿ ಬರಿ. ಫೋನ್ ಮಾಡಬೇಡ, ಅವರು ಹೇಳಿದ ಹಾಗೇ ಬರಿ.

ನಿನ್ನ,
ರಾಜು