ಮೂರನೇ ಮಾಳಿಗೆಯ ಕಾಕಾಗೆ, ಮತ್ತು ಉಳಿದವರಿಗೂ

ಗುರುವಾರ ಮಧ್ಯಾಹ್ನ ಎರಡಕ್ಕೆ ಶುರುವಾದ ನನ್ನ ಪಿಎಚ್‌ಡಿಯ ವೈವಾ, ಅಂದರೆ ಮೌಖಿಕ ಪರೀಕ್ಷೆ, ನಾಲ್ಕೂಕಾಲಿಗೆ ಮುಗಿಯಿತು. ಅವತ್ತಿನಿಂದ ಫೋನು ಸುಮ್ಮನಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುತ್ತ ಕೂತರೆ ಅದೇ ಇನ್ನೊಂದು ಪಿಎಚ್‌ಡಿ ಆದೀತು. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಹತ್ತಿಯ ಮೇಲಿನ ಈ ಪ್ರಬಂಧಕ್ಕೆ ಏಳು ವರ್ಷ ಎರಡು ತಿಂಗಳು ಹಿಡಿಯಿತು. ಧಾರವಾಡಕ್ಕೆ ಫೋನು ಮಾಡಿ ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು: "ಕಡೀಕ ಯಾವುದಕ್ಕ ಡಾಕ್ಟರ್ ಆದಿ? ರೊಕ್ಕಕ್ಕೋ, ಗಿಡಕ್ಕೋ, ನೂಲಿಗೋ?" ಎರಡೂಕಾಲು ತಾಸಿನಲ್ಲಿ ಪರೀಕ್ಷಕರು ಕೇಳಿದ ಯಾವ ಪ್ರಶ್ನೆಯೂ ಇಷ್ಟು ಗಟ್ಟಿಯಾಗಿರಲಿಲ್ಲ.

ಗೆಳೆಯರಿಗೆ ನನ್ನ ವಿಷಯ ಕೇಳಿ ಕೇಳಿ ಸಾಕಾಗಿದೆ. ಅವರು ಈ ಎರಡು ಪ್ಯಾರಾ ಹಾರಿಸಬಹುದು. ಬಳಗದವರಿಗಾಗಿ ಇಷ್ಟು ಹೇಳುತ್ತೇನೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು, ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು, ಲಂಕಾಶೈರಿನ ಗಿರಣಿಗಳಿಗೆ ಹತ್ತಿ ಇಲ್ಲದಂತಾಯಿತು. ಅವರಿಗೆ ಒಲ್ಲದ ಮನಸ್ಸಿನಿಂದ ನೆನಪಾದದ್ದು ನಮ್ಮ ಹತ್ತಿ. ಎಳೆ ಗಿಡ್ಡ, ಕಸ ಜಾಸ್ತಿ ಎಂದು ಅದಕ್ಕೆ ಹೆಸರು ಕೆಟ್ಟಿತ್ತು. "ದೇವರೇ, ಹತ್ತಿ ಕೊಡು, ಆದರೆ ಸೂರತಿನದು ಮಾತ್ರ ಬೇಡ" ಎಂದು ಅಲ್ಲಿಯವರು ಪ್ರಾರ್ಥನೆ ಮಾಡುತ್ತಿದ್ದರಂತೆ; ಭಾರತದ ಹತ್ತಿಗೆಲ್ಲ ಅವರು ಸೂರತ್ ಎಂದೇ ಹೇಳುತ್ತಿದ್ದರು. ಅಂಥ ಹತ್ತಿಗೂ ಬಂಗಾರದ ಬೆಲೆ ಬಂತು. ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಬರುತ್ತಿತ್ತು. ಮುಂಬಯಿಯಲ್ಲಿ ರೊಕ್ಕ ಎಷ್ಟು ಸುರಿಯಿತೆಂದರೆ ಬ್ಯಾಂಕುಗಳು, ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿಗಳು ಅಣಬೆಯಂತೆ ಎದ್ದವು. 1865ರಲ್ಲಿ ಯುದ್ಧ ನಿಂತಿತು, ಹತ್ತಿಯ ಬೆಲೆ ಕುಸಿಯಿತು. ಮುಂದಿನ ತಾರೀಖಿಗೆಂದು ಮಾಡಿಕೊಂಡ ವಾಯಿದೆ ವ್ಯವಹಾರಗಳೆಲ್ಲ ತೀರಬೇಕಾಗಿದ್ದ ಜುಲೈ 1ಕ್ಕೆ ಊರಿಗೆ ಊರೇ ದಿವಾಳಿ. ಆ ಸಟ್ಟಾದ, ಅಂದರೆ ಬೆಲೆಯ ಜೂಜಿನ, ರಾಜ ಪ್ರೇಮಚಂದ ರಾಯಚಂದರೂ ಮುಳುಗಿದರು. ಆದರೆ ಅದಕ್ಕೂ ಮೊದಲೇ ತಾಯಿಯ ಹೆಸರಿನಲ್ಲಿ ಅವರು ವಿಶ್ವವಿದ್ಯಾಲಯಕ್ಕೆ ಕೊಟ್ಟ ದಾನ ಉಳಿಯಿತು. ಅದೇ ಇವತ್ತಿನ ರಾಜಾಬಾಯಿ ಗೋಪುರ, 1878ರಲ್ಲಿ ಕಟ್ಟಿ ಮುಗಿದದ್ದು. ನಾನು ಪ್ರಬಂಧದ ಅರ್ಧ ಬರೆದದ್ದು ಆ ಗೋಪುರದ ಬುಡದ ಗ್ರಂಥಾಲಯದಲ್ಲಿ.

ಇನ್ನು ಗಿಡದ ಕಥೆ. ನಮ್ಮ ದೇಸಿ ಹತ್ತಿಗೆ ಹದಿಮೂರು ಜೊತೆ ವರ್ಣತಂತುಗಳು, ಅಮೆರಿಕದ ಹತ್ತಿಗೆ ಇಪ್ಪತ್ತಾರು ಜೊತೆ. ಹತ್ತಿಪ್ಪತ್ತು ಲಕ್ಷ ವರ್ಷದ ಹಿಂದೆ, ನಮ್ಮ ಹತ್ತಿಯ ದಾಯಾದಿಯೊಂದು ಹೇಗೋ ಸಮುದ್ರ ದಾಟಿ ಅಲ್ಲಿಯ ಕಾಡುಹತ್ತಿಯ ಜೊತೆ ಕೂಡಿ ಹುಟ್ಟಿದ ಸಂತಾನ ಅದು. ಆ ಕಾಡುಹತ್ತಿಗೆ ನೂಲಬಹುದಾದ ಅರಳೆಯೇ ಇಲ್ಲ, ಆದರೂ ಮಗುವಿನ ಎಳೆ ಇಬ್ಬರಿಗಿಂತ ಉದ್ದ. ಹತ್ತಿಯ ಒಂದು ಎಳೆ ಎಂದರೆ ಬೀಜದ ಸಿಪ್ಪೆಯ ಮೇಲಿನ ಒಂದೇ ಒಂದು ಜೀವಕೋಶ. ಅಗಲಕ್ಕಿಂತ ಸಾವಿರ ಪಟ್ಟು ಉದ್ದಕ್ಕೆ ಬೆಳೆದು, ಒಳಗೋಡೆಗೆ ಸೆಲ್ಯುಲೋಸು ಬಳಿದುಕೊಂಡು, ಕಾಯಿ ಒಡೆದಾಗ ಒಣಗಿ ರಿಬ್ಬನ್ನಿನಂತೆ ತಿರುಚಿಕೊಳ್ಳುತ್ತದೆ. ಆ ತಿರುಚಿನಿಂದಲೇ ಎಳೆಗೆ ಎಳೆ ಹಿಡಿದು ನೂಲಾಗುವುದು. 1864ರಲ್ಲಿ ಮುಂಬಯಿಯ ಬೆಲೆಗೂ ಈ ಎಳೆಯ ಉದ್ದ, ಬಲಗಳಿಗೂ ಏನಾದರೂ ಸಂಬಂಧ ಇತ್ತೇ? ಅದೇ ನನ್ನ ಪ್ರಶ್ನೆ. ನಾಲ್ಕನೇ ಅಧ್ಯಾಯದಲ್ಲಿ ಉತ್ತರ ಇದೆ, ಓದುವವರಿಗೆ ಕಳಿಸುತ್ತೇನೆ.

ಈಗ ಕೃತಜ್ಞತೆ. ಮೂರು ವಿಭಾಗಗಳ ಬಾಗಿಲು ತಟ್ಟಿ ಮೂರರಲ್ಲೂ "ಇದು ನಮ್ಮದಲ್ಲ" ಎಂದು ಕೇಳಿಸಿಕೊಂಡು ಬಂದವಳನ್ನು ಒಳಗೆ ಕರೆದು ಕೂರಿಸಿದ ನನ್ನ ಗೈಡ್ ಮೇಡಂಗೆ, ಅವರು ನನ್ನ ಬರಹದಲ್ಲಿ ಹೊಡೆದು ಹಾಕಿದ ಪ್ರತಿ ವಿಶೇಷಣಕ್ಕೂ ಒಂದೊಂದು ನಮಸ್ಕಾರ. ಕಾಳಾ ಘೋಡಾದ ಪತ್ರಾಗಾರದಲ್ಲಿ ಮುಟ್ಟಿದರೆ ಪುಡಿಯಾಗುವ ಕಡತಗಳನ್ನು ಕೂಸಿನಂತೆ ಎತ್ತಿಕೊಂಡು ಬಂದು ಕೊಟ್ಟವರಿಗೆ, 1924ರಿಂದ ಹತ್ತಿಯನ್ನೇ ಹಿಂಜುತ್ತಿರುವ ಮಾಟುಂಗಾದ ಹತ್ತಿ ಸಂಶೋಧನೆಯ ಸಂಸ್ಥೆಯಲ್ಲಿ ನನಗೆ ಯಂತ್ರ ಹಿಡಿಯಲು ಕಲಿಸಿದವರಿಗೆ, ಡೊಂಬಿವಲಿಯ ಅತ್ತೆಗೆ, ಅಂಕಿಅಂಶ ತಿದ್ದಿಕೊಟ್ಟ ಪುಣೆಯ ಗೆಳತಿಗೆ, ಸಾಲ ಕೊಟ್ಟು ಮರೆತಂತೆ ನಟಿಸಿದ ಅಣ್ಣನಿಗೆ, ಎಲ್ಲರಿಗೂ ಋಣಿ. ಒಂದೇ ವಾಕ್ಯದಲ್ಲಿ ಮುಗಿಸಿದೆನೆಂದು ಬೇಸರ ಬೇಡ. ಮನೆಗೆ ಬನ್ನಿ, ರೊಟ್ಟಿ ಎಣ್ಣೆಗಾಯಿ ಮಾಡುತ್ತೇನೆ.

ಉಳಿದ ಜಾಗ ಕಾಕಾನದು.

ಹೆಸರು ಹಾಕುವಂತಿಲ್ಲ. "ಹಾಕಿದ್ರ ನಿಮ್ಮ ಬಾಗಲಿಗೆ ಬರೂದಿಲ್ಲ ನೋಡು" ಎಂದು ಮೊದಲೇ ಹೇಳಿದ್ದಾರೆ. ಮುಂಬಯಿಯ ಲಾಲಬಾಗದ ನಮ್ಮ ಚಾಳಿನಲ್ಲಿ (ಸಾಲು ಖೋಲಿಗಳ ಕಟ್ಟಡ) ಎಲ್ಲರಿಗೂ ಅವರು ಮೂರನೇ ಮಾಳಿಗೆ ಕಾಕಾ. ನವಲಗುಂದದ ಕಡೆಯವರು. ಹದಿನೇಳನೇ ವಯಸ್ಸಿಗೆ ಮುಂಬಯಿಗೆ ಬಂದು ಒಂದು ಗಿರಣಿಯ ಹತ್ತಿ ಗೋದಾಮಿಗೆ ಸೇರಿದವರು. ಬೇಲು, ಅಂದರೆ ಒತ್ತಿ ಕಟ್ಟಿದ ಹತ್ತಿಯ ಗಂಟು, ಹೊರುತ್ತ ಹೊರುತ್ತ ಹತ್ತಿ ನೋಡುವುದನ್ನು ಕಲಿತರು. 1982ರ ಜನವರಿಯ ಮುಷ್ಕರದಲ್ಲಿ ಎರಡೂವರೆ ಲಕ್ಷ ಕಾರ್ಮಿಕರ ಜೊತೆ ಅವರೂ ಹೊರಗೆ ಬಂದರು, ಮತ್ತೆ ಆ ಗೇಟಿನ ಒಳಗೆ ಹೋಗಲಿಲ್ಲ. ಆಮೇಲೆ ಮುಂಬಯಿಯ ಹತ್ತಿ ಪೇಟೆ ಕಾಟನ್ ಗ್ರೀನಿನಲ್ಲಿ ಒಬ್ಬ ದಲಾಲನ ಹತ್ತಿರ ಇಪ್ಪತ್ತೈದು ವರ್ಷ ಕ್ಲಾಸರ್. ಎಂದರೆ ಬೇಲಿನಿಂದ ಹಿಡಿ ಅರಳೆ ಕಿತ್ತು, ಎರಡು ಹೆಬ್ಬೆರಳಿನ ನಡುವೆ ಎಳೆದೆಳೆದು ಸಮ ಮಾಡಿ, ಉದ್ದ ಎಷ್ಟು, ದರ್ಜೆ ಯಾವುದು ಎಂದು ಹೇಳುವ ಕೆಲಸ.

ನಾನು ಚಾಳಿಗೆ ಬಂದು ಎರಡು ತಿಂಗಳಾಗಿತ್ತು. ಮಾದರಿಗಳನ್ನು ಗ್ಯಾಲರಿಯಲ್ಲಿ ಹರವಿಕೊಂಡು ಚೀಟಿ ಅಂಟಿಸುತ್ತಿದ್ದೆ. ಹಿಂದಿನಿಂದ ಒಂದು ಕೈ ಬಂತು, ಒಂದು ಚಿಟಿಕೆ ಎತ್ತಿತು, ನಾಲ್ಕು ಸಲ ಎಳೆಯಿತು. "ಇಪ್ಪತ್ತೆರಡು" ಎಂದರು. ಮಿಲಿಮೀಟರು. ಮರುವಾರ ಯಂತ್ರ ಕೊಟ್ಟ ಉತ್ತರ ಇಪ್ಪತ್ತೊಂದು ಚಿಲ್ಲರೆ. ಆಮೇಲೆ ಇನ್ನೊಂದು ಡಬ್ಬಿಗೆ ಕೈ ಹಾಕಿ, "ತಂಗಿ, ಇದಕ್ಕ ಜಯಧರ್ ಅಂತ ಯಾರು ಬರದಾರ? ಚೀಟಿ ಅದಲು ಬದಲು ಆಗ್ಯಾವ ನೋಡು" ಎಂದರು. ನಂಬಲಿಲ್ಲ. ಜಯಧರ್ ನಮ್ಮ ಧಾರವಾಡದ ತಳಿ, ನನಗೆ ಗೊತ್ತಿಲ್ಲವೇ ಎಂಬ ಸೊಕ್ಕು. ಆರು ತಿಂಗಳು ಆ ತಪ್ಪು ಚೀಟಿಯ ಮೇಲೆಯೇ ಲೆಕ್ಕ ಕಟ್ಟಿದೆ. ಕೊನೆಗೆ ಮತ್ತೆ ಪರೀಕ್ಷೆ ಮಾಡಿ, ಎರಡು ಕೋಷ್ಟಕ ಹರಿದು ಹಾಕಿ, ಮೂರನೇ ಮಾಳಿಗೆ ಹತ್ತಿ ಹೋಗಿ ಒಪ್ಪಿಕೊಂಡೆ. "ಮೊದಲೇ ಹೇಳಿದ್ನಲ್ಲ" ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅವಲಕ್ಕಿ ತಿನ್ನುತ್ತೀಯಾ ಎಂದು ಕೇಳಿದರು.

ನಾಲ್ಕನೇ ಅಧ್ಯಾಯದ ಬೀಜವೂ ಅವರದೇ. ಬೆಲೆಯ ಪಟ್ಟಿ ಮುಂದಿಟ್ಟುಕೊಂಡು ತಲೆ ಕೆಡಿಸಿಕೊಂಡಿದ್ದೆ. ಕಲಬೆರಕೆ ತಡೆಯಲು 1863ರಲ್ಲಿ ಮುಂಬಯಿ ಸರಕಾರ ಕಾನೂನೇ ಮಾಡಬೇಕಾಯಿತು, ಬೇಲಿನಲ್ಲಿ ಬೀಜ, ನೀರು, ಕಲ್ಲು. ಹೀಗಿದ್ದೂ ಬೆಲೆ ಏರುತ್ತಲೇ ಹೋಯಿತಲ್ಲ, ಕೊಳ್ಳುವವನು ಹತ್ತಿ ನೋಡುತ್ತಿರಲಿಲ್ಲವೇ? ಕಾಕಾ ನಕ್ಕರು. "ದಲಾಲ ಎಲ್ಲಿ ಹತ್ತಿ ನೋಡ್ತಾನ? ಹತ್ತಿ ನೋಡಾಂವನ ಮಾರಿ ನೋಡ್ತಾನ." ಪ್ರಬಂಧದಲ್ಲಿ ಇದನ್ನು ಹೇಳಲು ನನಗೆ ನಲವತ್ತೊಂದು ಪುಟ ಬೇಕಾಯಿತು. ಅಡಿಟಿಪ್ಪಣಿಯಲ್ಲಿ "ಮೌಖಿಕ ಮಾಹಿತಿ, ಲಾಲಬಾಗ" ಎಂದಿದೆ, ಅದು ಇವರೇ.

ಅವ್ವ ಆಸ್ಪತ್ರೆಯಲ್ಲಿದ್ದ ಆ ರಾತ್ರಿಯ ವಿಷಯಕ್ಕೆ ಬರುತ್ತೇನೆ. ಅವ್ವನಿಗೆ ಏನಾಗಿತ್ತು ಎಂಬುದು ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ನನ್ನ ಪ್ರಬಂಧದ ಸಬ್ಮಿಷನ್ನಿಗೆ ಒಂಬತ್ತು ದಿನ ಉಳಿದಿತ್ತು. ಮಧ್ಯಾಹ್ನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ, ಲೋಕಲ್ ನಿಂತಿತ್ತು, ಅಣ್ಣ ಹುಬ್ಬಳ್ಳಿಯಲ್ಲಿ ಸಿಕ್ಕಿಬಿದ್ದಿದ್ದ. ಸಾಯನ್ ಕಡೆಯ ಆ ಆಸ್ಪತ್ರೆಯ ಕಾರಿಡಾರಿನಲ್ಲಿ ನಾನೊಬ್ಬಳೇ. ಹನ್ನೊಂದೂವರೆಗೆ ಕಾಕಾ ಬಂದರು. ಲಾಲಬಾಗದಿಂದ ನಡೆದು, ಹಿಂದಮಾತಾದ ಹತ್ತಿರ ತೊಡೆಮಟ್ಟ ನೀರು ದಾಟಿ, ಅರವತ್ತೇಳು ವಯಸ್ಸಿನಲ್ಲಿ. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಥರ್ಮಾಸು, ಒಣ ಟವೆಲ್ಲು, ಅವ್ವನ ಚಷ್ಮಾ. ಚಷ್ಮಾ ಯಾಕೆ ಎಂದೆ. "ಎಚ್ಚರಾದ ಮ್ಯಾಲ ಬೇಕಾಗತದಲ್ಲ" ಎಂದರು. ಎಚ್ಚರವಾಗುತ್ತದೆಯೇ ಎಂದು ಡಾಕ್ಟರಿಗೇ ಗೊತ್ತಿಲ್ಲದ ಹೊತ್ತು ಅದು.

ಇದನ್ನು ಬರೆಯಲೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ಅವ್ವನನ್ನು ಕೇಳಿದೆ, "ಬರಿ, ಖರೇ ಇದ್ದದ್ದು ಬರಿ" ಎಂದಳು. ಗಾಜಿನ ಆಚೆ ಅವಳು ಮಲಗಿದ್ದಾಗ ನನಗೆ ಅಳು ಬಂದಿರಲಿಲ್ಲ. ಸಿಟ್ಟು ಬಂದಿತ್ತು. ಇನ್ನು ಒಂಬತ್ತು ದಿನ ತಡೆಯಬಾರದಿತ್ತೇ, ಏಳು ವರ್ಷ ಸುಮ್ಮನಿದ್ದವಳು ಈಗಲೇ ಬೀಳಬೇಕಿತ್ತೇ ಎಂದು. ತಾಯಿಯ ಹೆಸರಿನ ಗೋಪುರದ ಬುಡದಲ್ಲಿ ಕೂತು ಬರೆದವಳ ಯೋಗ್ಯತೆ ಇಷ್ಟು. ಇದನ್ನೆಲ್ಲ ಕಾಕಾನ ಮುಂದೆ ಬಾಯಿಬಿಟ್ಟು ಹೇಳಿಯೂಬಿಟ್ಟೆ. ಹೇಳಿ, ಪ್ರಬಂಧ ಕೈಬಿಡುತ್ತೇನೆ ಎಂದೂ ಹೇಳಿದೆ. ಯಾರೇ ಆಗಿದ್ದರೂ ಹಾಗನ್ನಬಾರದಮ್ಮ ಎನ್ನುತ್ತಿದ್ದರು.

ಕಾಕಾ ಥರ್ಮಾಸಿನ ಮುಚ್ಚಳಕ್ಕೆ ಚಹಾ ಬಗ್ಗಿಸಿದರು. "ಸಿಟ್ಟು ಬರತದ. ಮೊದಲ ಇದನ್ನ ಕುಡಿ." ಸ್ವಲ್ಪ ಹೊತ್ತಿನ ಮೇಲೆ ಅವರ ಕಥೆ ಹೇಳಿದರು, ಅರಳೆಯ ಧಾರಣೆ ಹೇಳುವ ದನಿಯಲ್ಲೇ. ಮುಷ್ಕರದ ಎರಡನೇ ವರ್ಷ, ಊರಿನಲ್ಲಿ ಅಪ್ಪನಿಗೆ ಜಡ್ಡು. ಇನ್ನೇನು ಗಿರಣಿ ತೆರೆಯುತ್ತದೆ, ಮೊದಲು ಗೇಟಿಗೆ ಬಂದವರನ್ನಷ್ಟೇ ತಗೊಳ್ಳುತ್ತಾರೆ ಎಂದು ಸುದ್ದಿ. ಊರಿಗೆ ಹೋಗಲಿಲ್ಲ. ಹದಿನೆಂಟು ದಿನ ಬೆಳಗಿನ ಆರಕ್ಕೆ ಗೇಟಿನ ಮುಂದೆ ನಿಂತರು. "ಗೇಟೂ ತೆರೀಲಿಲ್ಲ, ಅಪ್ಪನೂ ಉಳೀಲಿಲ್ಲ." ಅಷ್ಟೇ. ಅದಕ್ಕೆ ನೀನು ಹೀಗೆ ಮಾಡು ಎಂದು ಮುಂದುವರಿಸಲಿಲ್ಲ. ಚಹಾದ ಮುಚ್ಚಳ ತೊಳೆದುಕೊಂಡು ಬರಲು ಎದ್ದು ಹೋದರು.

ರಾತ್ರಿ ಎರಡರ ಸುಮಾರಿಗೆ ಜೇಬಿನಿಂದ ಒಂದು ತಂಬಾಕಿನ ಡಬ್ಬಿ ತೆಗೆದರು. ಒಳಗೆ ಅರಳೆ. ಒಂದು ಹಿಡಿ ನನ್ನ ಕೈಗೆ ಹಾಕಿ, "ಎಳಿ" ಎಂದರು. ಏಳು ವರ್ಷದಲ್ಲಿ ನಾನು ಸಾವಿರಾರು ಮಾದರಿಗಳನ್ನು ಯಂತ್ರಕ್ಕೆ ಹಾಕಿದ್ದೇನೆ, ಕೈಯಿಂದ ಎಳೆದು ನೋಡಿದ್ದಿಲ್ಲ. ಹೆಬ್ಬೆರಳು ಹೇಗಿಡಬೇಕು, ಗಿಡ್ಡ ಎಳೆ ಹೇಗೆ ಉದುರಿ ಹೋಗಬೇಕು, ಉಳಿದದ್ದನ್ನು ಹೇಗೆ ಒಂದರ ಮೇಲೊಂದು ಕೂರಿಸಬೇಕು, ಎಲ್ಲ ತೋರಿಸಿದರು. ಐದು ಗಂಟೆಯವರೆಗೆ ಇಬ್ಬರೂ ಅದನ್ನೇ ಮಾಡಿದೆವು. ನರ್ಸ್ ಎರಡು ಸಲ ಬಂದು ನೋಡಿ ಹೋದಳು. ಮಳೆಗೆ ಅರಳೆ ಥಂಡಿ ಹಿಡಿದಿತ್ತು. ಒದ್ದೆಯಾದರೆ ಹತ್ತಿಯ ಎಳೆ ಇನ್ನಷ್ಟು ಬಲವಾಗುತ್ತದೆ, ನಿಜವಾಗಿಯೂ, ನನ್ನ ಐದನೇ ಅಧ್ಯಾಯದಲ್ಲಿದೆ. ಪ್ರಬಂಧದ ಅರಿಕೆಯಲ್ಲಿ ಇದನ್ನು ಆ ರಾತ್ರಿಗೆ ಜೋಡಿಸಿ ಒಂದು ಚೆಂದದ ವಾಕ್ಯ ಬರೆದಿದ್ದೆ. ಮೇಡಂ ಹೊಡೆದು ಹಾಕಿದರು. ಕಾಕಾಗೆ ಹೇಳಿದರೆ, "ಅದಕ್ಕ ಅಲ್ಲೇನು ನೂಲೋ ಖಾತೆದಾಗ ನೀರು ಹೊಡೀತಿದ್ರು" ಎಂದು ಮುಗಿಸಿದರು.

ಬೆಳಗ್ಗೆ ಏಳೂವರೆಗೆ ಅವ್ವ ಕಣ್ಣು ಬಿಟ್ಟಳು. ಮಾತು ಬರಲಿಲ್ಲ, ಕೈ ದಿಂಬಿನ ಪಕ್ಕ ತಡಕಾಡಿತು. ಚಷ್ಮಾ ಹುಡುಕುತ್ತಿದ್ದಳು.

ಸಬ್ಮಿಷನ್ ಒಂಬತ್ತು ದಿನದಲ್ಲಿ ಆಗಲಿಲ್ಲ, ಐದು ತಿಂಗಳು ತಡವಾಯಿತು. ಅವ್ವ ಈಗ ಫೋನಿನಲ್ಲಿ ಬೈಯುವಷ್ಟು ಚೆನ್ನಾಗಿದ್ದಾಳೆ. ಗುರುವಾರ ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ವೈವಾಕ್ಕೆ ಬಂದರು, ಕಡೆಯ ಸಾಲಿನಲ್ಲಿ ಕೂತರು, ಮೂರನೇ ಅಧ್ಯಾಯದ ಹೊತ್ತಿಗೆ ನಿದ್ದೆಹೋದರು. ಹೇಗಿತ್ತು ಕಾಕಾ ಎಂದು ಕೇಳಿದ್ದಕ್ಕೆ, "ಎಸಿ ಭಾಳ ಚಲೋ ಇತ್ತು" ಎಂದರು. ಪ್ರಬಂಧದ ಪ್ರತಿ ಬೇಡವಂತೆ, ಎಲ್ಲಿಡುವುದು ಎಂದು. ಹೆಚ್ಚಿಗೆ ಉಳಿದ ಜಯಧರ್ ಮಾದರಿ ಇದ್ದರೆ ಕೊಡು ಎಂದಿದ್ದಾರೆ, ದೀಪದ ಬತ್ತಿಗೆ ಆಗುತ್ತದೆ.

ಪುಸ್ತಕ ಕೊಟ್ಟವರೆಲ್ಲ ಈ ತಿಂಗಳೊಳಗೆ ಬಂದು ತಗೊಂಡು ಹೋಗಿ, ನನ್ನ ಖೋಲಿಯಲ್ಲಿ ಕಾಲಿಡಲು ಜಾಗವಿಲ್ಲ. ಇನ್ನೊಂದು. ಆ ಬೆಳಗ್ಗೆ ಕಾಕಾ ಮನೆಗೆ ಹೊರಟಾಗ ಮಳೆ ಇನ್ನೂ ಇತ್ತು, ಕಾರಿಡಾರಿನಲ್ಲಿ ನಮ್ಮ ಪಕ್ಕ ಕೂತಿದ್ದ ಒಬ್ಬ ಹೆಣ್ಣುಮಗಳು ತನ್ನ ನೀಲಿ ಛತ್ರಿ ಅವರ ಕೈಗಿಟ್ಟಳು. ಹೆಸರು ಕೇಳಲಿಲ್ಲ. ಮರುದಿನ ನೋಡಿದರೆ ಆ ಹೆಣ್ಣುಮಗಳು ಅಲ್ಲಿರಲಿಲ್ಲ. ಛತ್ರಿ ನಮ್ಮ ಚಾಳಿನಲ್ಲಿದೆ, ಒಂದು ಕಡ್ಡಿ ಮುರಿದಿತ್ತು, ಕಾಕಾ ಕೂಡಿಸಿದ್ದಾರೆ.